ನಾಲ್ಕು ಸೂತಿನ ಬೋಲ್ಟು

ಹೋದ ತಿಂಗಳು ತಂಗಿಯ ಮೊಮ್ಮಗ ಫೋನ್ ಮಾಡಿದ್ದ. ಶೆಡ್ಡಿನಲ್ಲಿ ವರ್ಷಗಟ್ಟಲೆ ಕೋಳಿಗಳಿಗೆ ಮನೆಯಾಗಿದ್ದ ಮ್ಯಾಸ್ಸಿ 1035 ಟ್ರ್ಯಾಕ್ಟರನ್ನು ಬಿಚ್ಚಿ ಮತ್ತೆ ಓಡಿಸಬೇಕೆಂಬ ಹಟ ಅವನದು. ‘ಅಜ್ಜಾ, ಬೋಲ್ಟು ನಾಕು ಸುತ್ತು ಹೋಗಿ ನಿಂತೈತಿ. ಸ್ಪ್ಯಾನರಿಗೆ ಪೈಪ್ ಹಾಕಿ ತಿರುವಲೇನು?’

‘ಮೊದಲು ಕೈ ತೆಗಿಯೋ!’ ಎಂದು ಕೂಗಿಬಿಟ್ಟೆ. ನನಗೆ ಕೆಲಸ ಕಲಿಸಿದ ಉಸ್ತಾದರು ಕೂಗುತ್ತಿದ್ದುದೂ ಇದೇ ಮಾತನ್ನು.

ದಾವಣಗೆರೆಯ ಪಿ.ಬಿ. ರಸ್ತೆಯ ಬದಿ ಅವರದೊಂದು ತಗಡಿನ ಶೆಡ್ಡು. ಒಳಗೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು. ನಾನು ಸೇರಿದ್ದು 1979ರಲ್ಲಿ. ಭದ್ರಾ ನಾಲೆಯ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿಕೊಂಡು ಕೆಸರು ಕಲಕಿದ ಗಾಡಿಗಳು ನಾಟಿ ಮುಗಿದ ಮೇಲೆ ಸಾಲುಗಟ್ಟಿ ಬರುತ್ತಿದ್ದವು. ಅಲುಗಾಟಕ್ಕೆ ಒಂದು ಬೋಲ್ಟು ಬಿದ್ದುಹೋಗಿರುತ್ತಿತ್ತು. ರೈತ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ನಾಕು ಸೂತಿಂದು ಕೊಡ್ರಿ’ ಅನ್ನುತ್ತಿದ್ದ. ನಾಲ್ಕು ಸೂತು ಅಂದರೆ ಅರ್ಧ ಇಂಚು. ಅಂಗಡಿಯವನು ಕೊಡುತ್ತಿದ್ದುದು ವಿಟ್‌ವರ್ತ್ ಬೋಲ್ಟು, ಇಂಚಿಗೆ 12 ಥ್ರೆಡ್. ಮ್ಯಾಸ್ಸಿಯ ತೂತಿಗೆ ಬೇಕಾದದ್ದು ಯುಎನ್‌ಸಿ, ಇಂಚಿಗೆ 13. ದಪ್ಪ ಒಂದೇ, ಕಣ್ಣಿಗೆ ವ್ಯತ್ಯಾಸ ಕಾಣದು. ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಜೋರು ಮಾಡಿದರೆ ಬೀಡು ಕಬ್ಬಿಣದ ಥ್ರೆಡ್ಡೇ ಪುಡಿಯಾಗಿ ಉದುರುತ್ತದೆ. ಎಚ್‌ಎಂಟಿಯ ಟ್ರ್ಯಾಕ್ಟರಿನ 12 ಎಂಎಂ ಬೋಲ್ಟು ತಂದು ಹಾಕಿದವರೂ ಇದ್ದರು. ಅದು ತೆಳ್ಳಗಿರುವುದರಿಂದ ಹಿಡಿದಂತೆ ಮಾಡಿ ಕಿತ್ತುಬರುತ್ತಿತ್ತು.

ಉಸ್ತಾದರು ತೂತಿಗೆ ಕೈ ಹಾಕುವ ಮುಂಚೆ ಪಕ್ಕದ ಬೋಲ್ಟು ಬಿಚ್ಚಿ ಥ್ರೆಡ್ ಗೇಜಿನ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಬೆಳಕು ನುಸುಳಿದರೆ ಆ ಹಲ್ಲು ಅಲ್ಲ, ಇನ್ನೊಂದು. ಆಮೇಲೆ ಕೆಟ್ಟ ತೂತನ್ನು 11/16 ಇಂಚಿಗೆ ಕೊರೆದು ಮುಕ್ಕಾಲು ಇಂಚಿನ ಸಣ್ಣ ಥ್ರೆಡ್ ಹೊಡೆಯುವುದು. ಟ್ಯಾಪು ಮೂರು, ಒಂದಾದ ಮೇಲೆ ಒಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬೀಡಿಗೆ ಎಣ್ಣೆ ಬೇಡ, ಅದರ ಕರಿ ಪುಡಿಯೇ ಎಣ್ಣೆ. ಆ ಪುಡಿಯ ಜೊತೆ ಬಿಸಿಯಾದ ಹಳೇ ಗೇರ್ ಆಯಿಲ್‌ನ ಗಂಧಕದ ಘಾಟು ಸೇರಿ ಮೂಗಿನಲ್ಲಿ ಕೂರುತ್ತಿತ್ತು. ಊಟಕ್ಕೆ ಕೂತರೂ ಬೆರಳಿನಿಂದ ಅದೇ ವಾಸನೆ. ಕೊನೆಗೆ ಹೊರಗೆ ಆ ಥ್ರೆಡ್, ಒಳಗೆ ಬೋಲ್ಟಿನ ಥ್ರೆಡ್ ಇರುವಂತೆ ಲೇತಿನಲ್ಲಿ ಕಡೆದ ಬುಷ್ಷನ್ನು ತಿರುಗಿಸಿ ಕೂರಿಸಿ, ಅಂಚಿಗೆ ಮೂರು ಕಡೆ ಪಂಚ್ ಹೊಡೆದರೆ ಅದು ಅಲ್ಲಾಡದು.

ಒಮ್ಮೆ ಥ್ರೆಡ್ ಕಿತ್ತ ಗಾಡಿ ತಂದು ರೈತರೊಬ್ಬರು ಬಂದರು. ಎಲ್ಲೋ ‘ಹೌಸಿಂಗೇ ಹೊಸದು ಹಾಕಬೇಕು’ ಅಂದಿದ್ದರಂತೆ, ಮುಖ ಬಾಡಿತ್ತು. ಉಸ್ತಾದರು ನಲವತ್ತು ರೂಪಾಯಿ ಕೇಳಿದರು. ಅವರು ಇಪ್ಪತ್ತೈದಕ್ಕೆ ನಿಂತರು. ಚಹಾ ಎರಡು ಸಲ ಬಂತು. ಕಡೆಗೆ ಉಸ್ತಾದರೇ, ‘ಈಗ ಒಂದು ಪೈಸೆ ಬ್ಯಾಡ ಗೌಡ್ರೇ. ಸುಗ್ಗಿ ತನಕ ನಿಂತರೆ ನಲವತ್ತು ಕೊಡ್ರಿ, ಕಿತ್ತರೆ ನನ್ನ ಬಾಗಿಲಿಗೆ ಬರಬ್ಯಾಡ್ರಿ’ ಅಂದರು. ಸುಗ್ಗಿ ಮುಗಿದ ಮೇಲೆ ಗೌಡರು ನಲವತ್ತು ರೂಪಾಯಿಯ ಜೊತೆ ಅರ್ಧ ಚೀಲ ಹೊಸ ಅಕ್ಕಿ ತಂದು ಇಳಿಸಿದರು.

ಹೊಗಳುವ ಭರದಲ್ಲಿ ಉಳಿದದ್ದನ್ನು ಮುಚ್ಚಿಡಬಾರದು. ಕನ್ನಡಕ ಯಾರೂ ಹಾಕುತ್ತಿರಲಿಲ್ಲ. ಉಸ್ತಾದರ ಎಡಗಣ್ಣು ಹೋದದ್ದು ಒಂದು ಬೀಡಿನ ಚೂರಿನಿಂದ. ನಮ್ಮಂಥ ಹುಡುಗರಿಗೆ ಎರಡು ವರ್ಷ ಊಟವೇ ಸಂಬಳ. ಈಗಿನ ಸ್ಟೀಲ್ ತಂತಿಯ ಸುರುಳಿ, ಹೆಲಿಕಾಯಿಲ್, ನಮ್ಮ ಬುಷ್ಷಿಗಿಂತ ಕಡಿಮೆ ಲೋಹ ಕೊರೆಸಿಕೊಂಡು ಗಟ್ಟಿಯಾಗಿಯೇ ಕೂರುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಬೇರೆ: ಈಗ ಅಳೆಯುವವರಿಲ್ಲ. ಥ್ರೆಡ್ ಹೋಗಿದೆಯೆಂದರೆ ಬೋಲ್ಟನ್ನೇ ವೆಲ್ಡ್ ಮಾಡಿ ಕಳಿಸುತ್ತಾರೆ, ಇಲ್ಲವೇ ‘ಗುಜರಿಗೆ ಹಾಕಿ’ ಅನ್ನುತ್ತಾರೆ. ಮುಂದಿನವನು ಅದನ್ನು ಹೇಗೆ ಬಿಚ್ಚಬೇಕು ಎಂಬ ಯೋಚನೆಯೇ ಇಲ್ಲ. ಇದು ಕೆಲಸವಲ್ಲ, ದ್ರೋಹ.

ಉಸ್ತಾದರ ಶೆಡ್ಡು ಈಗಿಲ್ಲ. ಅವರು ತೀರಿಕೊಂಡ ಮೇಲೆ ಟ್ಯಾಪು, ಡೈಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ತೂಗಿದರು. ಸುದ್ದಿ ತಿಳಿದು ಓಡಿದ ನನಗೆ ಸಿಕ್ಕಿದ್ದು ಥ್ರೆಡ್ ಗೇಜೊಂದೇ. ಅದನ್ನು ಮೊಮ್ಮಗನಿಗೆ ಕಳಿಸಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಚಿನ ಟ್ಯಾಪುಗಳ ತುಕ್ಕು ಹಿಡಿದ ಡಬ್ಬಿಯೊಂದು ಇದ್ದೀತು. ದಯವಿಟ್ಟು ತೂಕಕ್ಕೆ ಹಾಕಬೇಡಿ. ಹಳೇ ಗಾಡಿ ಬಿಚ್ಚಿಕೊಂಡು ಕೂತ ಹುಡುಗನೊಬ್ಬ ನಿಮ್ಮೂರಲ್ಲೂ ಇರುತ್ತಾನೆ, ಅವನಿಗೆ ಕೊಡಿ.