ಬಗಲಲ್ಲಿ ರೋಲಿಫ್ಲೆಕ್ಸ್

ಛಾಯಾಗ್ರಹಣದ ರಸಿಕರು ಮಸೂರದ ಗುಣಾವಗುಣಗಳನ್ನೂ ಬೆಳಕಿನ ಲೀಲೆಯನ್ನೂ ಕುರಿತು ಗಂಟೆಗಟ್ಟಲೆ ಚರ್ಚಿಸುವರಾದರೂ, ಕ್ಯಾಮರಾವನ್ನು ಮನೆಯಿಂದ ಹೊರಕ್ಕೆ ಒಯ್ದು ಕ್ಷೇಮವಾಗಿ ಮರಳಿ ತರುವ ವಿದ್ಯೆಯನ್ನು ಮಾತ್ರ, ಅದು ಹಮಾಲರಿಗೆ ಸೇರಿದ್ದೆಂಬಂತೆ, ಉಪೇಕ್ಷಿಸಿಬಿಡುವರು. ನನಗಾದರೋ ಈ ಹವ್ಯಾಸದ ಅರ್ಧ ಸುಖ ಇರುವುದೇ ಅಲ್ಲಿ.

ನನ್ನ ಬಳಿ ಇರುವುದು ರೋಲಿಫ್ಲೆಕ್ಸ್ 3.5 ಎಫ್; ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆಯವರು 1929ರಲ್ಲಿ ಆರಂಭಿಸಿದ ಜೋಡಿ ಮಸೂರದ ವಂಶದ ಕುಡಿ. ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಎದೆಯ ಬಳಿ ಹಿಡಿದು, ತಲೆಬಾಗಿಸಿ, ಎಡಬಲ ಅದಲುಬದಲಾದ ಲೋಕವನ್ನು ಗಾಜಿನ ಮೇಲೆ ಕಾಣಬೇಕು. 120 ಫಿಲ್ಮಿನ ಒಂದು ಸುರುಳಿಗೆ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ತೂಕ ಸುಮಾರು 1.2 ಕಿಲೋ.

ಅಂಗಡಿಗಳಲ್ಲಿ ದೊರೆಯುವ ಕ್ಯಾಮರಾ ಚೀಲಗಳು ಬಹುಮಟ್ಟಿಗೆ ಅಡ್ಡಕ್ಕೆ ಮಲಗುವ ಯಂತ್ರಗಳಿಗಾಗಿ ಹೊಲಿದವು. ನೆಟ್ಟಗೆ ನಿಲ್ಲುವ ಈ ಪ್ರಾಣಿಗೆ ಅವುಗಳ ಕೋಣೆಗಳು ಒಗ್ಗವು. ಮೇಲಾಗಿ ಅಂಥ ಚೀಲ ದೇವರಾಜ ಮಾರುಕಟ್ಟೆಯ ಜನಸಂದಣಿಯಲ್ಲಿ ತನ್ನೊಳಗಿನ ಐಶ್ವರ್ಯವನ್ನು ಡಂಗುರ ಸಾರುತ್ತದೆ. ಆದುದರಿಂದ ನಾನು ದಪ್ಪ ಖಾದಿಯ ಬಗಲುಚೀಲವೊಂದನ್ನು ಕೊಂಡು, ಹಳೆಯ ಕೌದಿಯ ತುಂಡಿನಿಂದ ದರ್ಜಿಯ ಕೈಯಲ್ಲಿ ಒಳಚೀಲವೊಂದನ್ನು ಹೊಲಿಸಿಕೊಂಡೆನು. ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗಳ ಮನೆಗೆ ಒಯ್ಯುವ ಅಜ್ಜಿಯಂದಿರ ಜಾಣ್ಮೆಗಿಂತ ಇದು ಹೆಚ್ಚಿನದೇನೂ ಅಲ್ಲ.

ಚೀಲಕ್ಕಿಳಿಸುವ ಮುನ್ನ ಒಂದು ಸಣ್ಣ ವಿಧಿಯುಂಟು. ಸಮೀಪದ ವಸ್ತುವಿಗೆಂದು ಮುಂದಕ್ಕೆ ಚಾಚಿದ ಮಸೂರದ ಫಲಕವನ್ನು, ಎಡಗಡೆಯ ಗುಬುಟನ್ನು ಅನಂತದ ಗುರುತಿಗೆ ತಿರುಗಿಸಿ, ಒಳಕ್ಕೆ ಸೇರಿಸತಕ್ಕದ್ದು; ಮೇಲಿನ ಮುಚ್ಚಳವನ್ನೂ ಬಲಗಡೆಯ ತಿರುಗುಹಿಡಿಯನ್ನೂ ಮಡಚತಕ್ಕದ್ದು. ಆ ಹಿಡಿಯನ್ನು ತಿರುಗಿಸಿದರೆ ಫಿಲ್ಮ್ ಮುಂದಕ್ಕೆ ಸರಿಯುವುದರ ಜೊತೆಗೆ ಶಟರಿನ ಸ್ಪ್ರಿಂಗೂ ಬಿಗಿದುಕೊಳ್ಳುವುದರಿಂದ, ಆ ಕೆಲಸವನ್ನು ಚಿತ್ರ ತೆಗೆಯುವ ಗಳಿಗೆಗೆಂದೇ ಉಳಿಸಿಕೊಳ್ಳುವುದು ನನ್ನ ಪದ್ಧತಿ. ಮಸೂರಗಳು ನನ್ನ ಸೊಂಟದ ಕಡೆಗೂ ಬೆನ್ನು ಜನರ ಕಡೆಗೂ ಇರುವಂತೆ ನಿಲ್ಲಿಸಿ, ಕೈಯಿಟ್ಟೊಡನೆ ಸಿಗುವಂತೆ ಕೊರಳಪಟ್ಟಿಯನ್ನು ಸುರುಳಿ ಸುತ್ತಿ ಮೇಲಿಟ್ಟರೆ ಆಯಿತು. ಎಷ್ಟು ಭದ್ರಪಡಿಸಿದರೂ, ಬೇಕಾದಾಗ ಕೈಗೆ ಬಾರದ ಕ್ಯಾಮರಾ ಮನೆಯ ಬೀರುವಿನಲ್ಲಿರುವುದೇ ಲೇಸು.

ಫಿಲ್ಮಿನ ಯೋಗಕ್ಷೇಮ ಬೇರೆಯೇ ಬಗೆಯದು. 35 ಮಿಲಿಮೀಟರಿನದಕ್ಕೆ ಡಬ್ಬಿಯ ಕವಚವಿದ್ದರೆ, 120ಕ್ಕೆ ಬೆನ್ನಿಗಂಟಿದ ಕಾಗದವೊಂದೇ ರಕ್ಷೆ. ಹಂಪೆಯ ಮಟಮಟ ಮಧ್ಯಾಹ್ನದಲ್ಲಿ ಸುರುಳಿ ಮುಗಿಯಿತೆಂದರೆ, ವಿಠ್ಠಲ ದೇವಾಲಯದ ಯಾವುದಾದರೊಂದು ಮಂಟಪದ ನೆರಳಿಗೆ ಸರಿದು, ಬಿಸಿಲಿಗೆ ಬೆನ್ನುಕೊಟ್ಟು, ಅಂಟುಪಟ್ಟಿಯನ್ನು ನಾಲಗೆಗೆ ತಾಗಿಸಿ ಬಿಗಿಯಾಗಿ ಸುತ್ತಬೇಕು. ಸಡಿಲವಾದರೆ ಅಂಚುಗಳಲ್ಲಿ ಬೆಳಕು ನುಸುಳಿ ಚಿತ್ರ ಮಸಕಾಗುವುದು. ಹೊಸ ಸುರುಳಿಗೆ ಒಂದು ಜೇಬು, ಮುಗಿದುದಕ್ಕೆ ಇನ್ನೊಂದು.

ಬಸ್ಸಿನಲ್ಲಿ ಚೀಲಕ್ಕೆ ನನ್ನ ಮಡಿಲೇ ಆಸನ. ಗಾಡಿಯ ನೆಲದ ನಡುಕಕ್ಕೆ ಸಣ್ಣ ಸ್ಕ್ರೂಗಳು ಸಡಿಲಗೊಳ್ಳುವುದುಂಟು. “ಮೇಲಿಡಿ ಸ್ವಾಮಿ, ಏನೂ ಆಗಲ್ಲ” ಎಂದು ಕಂಡಕ್ಟರು ಎಷ್ಟು ಸೌಜನ್ಯದಿಂದ ಹೇಳಿದರೂ ನಾನು ಕಿವುಡನಾಗುವೆನು. ಮಲೆನಾಡಿನ ಮಳೆಗಾಲದಲ್ಲಾದರೆ ಮನೆಗೆ ಬಂದೊಡನೆ ಕ್ಯಾಮರಾವನ್ನು ಹೊರತೆಗೆಯದೆ ಗತ್ಯಂತರವಿಲ್ಲ. ತೇವ ಕುಡಿದ ಕೌದಿಯೂ, ಅದಕ್ಕಿಂತ ಹೆಚ್ಚಾಗಿ ಚರ್ಮದ ಕವಚವೂ, ಮಸೂರದ ಮೇಲೆ ಬೂಷ್ಟು ಬೆಳೆಸುವುದರಲ್ಲಿ ಬಲು ಸಮರ್ಥ.

ಇಷ್ಟೆಲ್ಲ ಕೇಳಿದ ಸ್ನೇಹಿತರೊಬ್ಬರು ತಮ್ಮ ಮಾಮಿಯಾ ಆರ್‌ಬಿ 67ಕ್ಕೂ ಇಂಥದೇ ಚೀಲವನ್ನು ಹೊಲಿಸಬಹುದೇ ಎಂದು ಕೇಳಿದರು. ಅದು 2.5 ಕಿಲೋಗೂ ಮಿಕ್ಕ ಭಾರದ ಯಂತ್ರ. ನಾನು ಅವರ ಹೆಗಲನ್ನೊಮ್ಮೆ ನೋಡಿ, ಬೆನ್ನುಚೀಲವೊಂದನ್ನು ಕೊಳ್ಳುವಂತೆ ವಿನಂತಿಸಿದೆನು.