ಕ್ಯಾನಿನ ಮೇಲೊಂದು ಕರೀ ಚೌಕ



ಇವತ್ತಿನ ವಿಷಯ ಬಿಯರ್ ಪೀಪಾಯಿ ಮೇಲೆ ಏನು ಬರೀತಾರೆ ಅನ್ನೋದು. ನಗಬೇಡಿ, ಪೂರ್ತಿ ಓದಿ.

ನಮ್ಮ ಅರಕಲಗೂಡು ಕಡೆಯ ಹುಡುಗ ಒಬ್ಬ ಬೆಂಗಳೂರಿನಲ್ಲಿ, ಬಿಯರ್ ತಯಾರಿಸಿ ಅಲ್ಲೇ ಮಾರೋ ಒಂದು ಕಡೆ ಪೀಪಾಯಿ ತೊಳೆಯೋ ಕೆಲಸದಲ್ಲಿದ್ದಾನೆ. ಪೀಪಾಯಿಗೆ ಅವರು ಕೆಗ್ ಅಂತಾರೆ. ಒಂದೊಂದು ಕೆಗ್ ಮೇಲೂ ಅಂಗೈಯಷ್ಟು ಜಾಗಕ್ಕೆ ಕಪ್ಪು ಹಲಗೆ ಬಣ್ಣ ಬಳಿದಿರ್ತಾರಂತೆ. ಒಳಗೆ ಏನಿದೆ, ಯಾವತ್ತು ತುಂಬಿದ್ದು, ಎಷ್ಟು ಸ್ಟ್ರಾಂಗು, ಎಲ್ಲಾ ಅದರ ಮೇಲೆ. ಖಾಲಿ ಆದ ತಕ್ಷಣ ಅಳಿಸೋ ಹಾಗಿಲ್ಲ, ತೊಳೆದಾದ ಮೇಲೇ ಅಳಿಸಬೇಕು. ಚಾಕ್‌ಪೀಸಿನಲ್ಲಿ ಬರೆದರೆ ತಣ್ಣನೆ ಕೋಣೆಯಲ್ಲಿ ಕೆಗ್ ಬೆವರಿ ಅಕ್ಷರ ಇಳಿದುಹೋಗುತ್ತೆ, ಅದಕ್ಕೇ ಮೇಣದ ಪೆನ್ಸಿಲು. ಆಯಸ್ಕಾಂತದ ಚೀಟಿ ಅಂಟಿಸೋಣ ಅಂದ್ರೆ ಕೆಗ್‌ಗೆ ಬಳಸೋ ಸ್ಟೇನ್‌ಲೆಸ್ ಸ್ಟೀಲಿಗೆ ಆಯಸ್ಕಾಂತ ಹಿಡಿಯಲ್ಲ. ಕೆಲವರು ಹಿಡಿಗೆ ಪುಟ್ಟ ಸ್ಲೇಟು ನೇತುಹಾಕ್ತಾರೆ. ಅಮೆರಿಕದಲ್ಲಿ ಮನೇಲಿ ಬಿಯರ್ ಮಾಡ್ಕೊಳ್ಳೋಕೆ 1978ರಲ್ಲೇ ಕೇಂದ್ರದ ಕಾನೂನು ಒಪ್ಪಿಗೆ ಕೊಡ್ತು. ಅಲ್ಲಿನ ಹವ್ಯಾಸಿಗಳು 19 ಲೀಟರಿನ ಕೆಗ್‌ಗೂ ಇದೇ ಉಪಾಯ ಮಾಡ್ತಾರೆ.

ಅಷ್ಟೊಂದು ಯಾಕೆ ಅಂತ ಕೇಳಿದೆ. 'ಅಣ್ಣ, ಕೊಳವೆ ತೊಳೆಯೋ ಕಾಸ್ಟಿಕ್ ದ್ರಾವಣಾನೂ ಅದೇ ಥರದ ಕೆಗ್‌ನಲ್ಲೇ ಇರುತ್ತೆ. ಬರೀದೇ ಇದ್ರೆ ಯಾರೋ ನಲ್ಲಿಗೆ ಜೋಡಿಸಿಬಿಟ್ರೆ ಕುಡಿದೋನ ಗಂಟಲು ಸುಟ್ಟುಹೋಗುತ್ತೆ' ಅಂದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ಕುಡಿಯೋನಿಗೆ ಒಳಗೇನಿದೆ ಅಂತ ತಿಳಿಯೋ ಹಕ್ಕಿದೆ ಅನ್ನೋದನ್ನು ಅಲ್ಲಿ ಒಂದು ಕಪ್ಪು ಚೌಕ ಕಾಯುತ್ತೆ. ನಮ್ಮ ಕೇರಿಗಳಲ್ಲಿ?

ನಮ್ಮ ಪಾತ್ರೆಗಳಿಗೆ ಗುರುತು ಇರಲಿಲ್ಲ ಅಂತೇನಲ್ಲ. ಹೋಟೆಲಿನ ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಲೋಟ, ಹಿತ್ತಿಲಲ್ಲಿ ಕವುಚಿಟ್ಟಿದ್ದ ತೆಂಗಿನ ಚಿಪ್ಪು, ತಳಕ್ಕೆ ಬಣ್ಣ ಹಚ್ಚಿದ್ದ ಗ್ಲಾಸು, ಇವೆಲ್ಲ ಲೇಬಲ್ಲೇ ಅಲ್ವಾ? ಯಾರ ಬಾಯಿಗೆ ಮುಟ್ಟಿದ ಲೋಟ ಅಂತ ಊರಿಗೆಲ್ಲ ತಿಳೀಬೇಕಿತ್ತು. ಒಳಗೆ ಏನು ಹುಯ್ತಿದ್ದಾರೆ ಅನ್ನೋದು ಮಾತ್ರ ಕುಡಿಯೋನಿಗೆ ತಿಳೀಬೇಕಾದ್ದೇ ಇರಲಿಲ್ಲ.

ಇದು ಬರೀ ಮಾತಲ್ಲ, ಹೆಣದ ಲೆಕ್ಕ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಷೇಧ ಮಾಡ್ತು. ಹೆಂಡದಂಗಡಿ ಬೇಡ, ನಮ್ಮ ಮಕ್ಕಳಿಗೆ ಶಾಲೆ ಕೊಡಿ ಅಂತ ದಲಿತ ಚಳವಳಿ ಅದಕ್ಕೂ ಬಹಳ ಹಿಂದಿನಿಂದ ಕೂಗ್ತಾನೇ ಇತ್ತು. ಅಂಗಡಿ ಮುಚ್ಚಿತು ನಿಜ, ಕೂಲಿಯವನ ಮೈಕೈ ನೋವು ಮುಚ್ಚಲಿಲ್ಲ. ವರ್ಷ ತುಂಬೋದರೊಳಗೆ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ, ಪಕ್ಕದ ಕೃಷ್ಣಗಿರಿ ಸೇರಿ 150ಕ್ಕೂ ಹೆಚ್ಚು ಸಾವು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರು ಯಾರು ಅಂತ ನಾನು ಹೇಳಬೇಕಾ? ಕೂಲಿಯವರು, ನಮ್ಮವರು.

ಕೊಂದಿದ್ದು ಮೆಥನಾಲ್. ಮನೇಲಿ ಬೆಲ್ಲ ಹುಳಿ ಬಂದರೆ ಹುಟ್ಟೋ ವಿಷ ಅಲ್ಲ ಅದು, ಬಣ್ಣ, ವಾರ್ನಿಷ್‌ಗೆ ಬಳಸೋ ಕಾರ್ಖಾನೆ ಮಾಲು. ನೋಡೋಕೆ ನೀರಿನ ಹಾಗೆ, ವಾಸನೆ ಮಾಮೂಲಿ ಸ್ಪಿರಿಟ್ಟಿನಂತೆಯೇ. 10 ಮಿಲಿಲೀಟರ್ ಒಳಗೆ ಹೋದರೂ ಕಣ್ಣು ಹೋಗಬಹುದು. ಕಷ್ಟ ಶುರುವಾಗೋದೂ ಎಷ್ಟೋ ಸಲ 12 ಗಂಟೆ ದಾಟಿದ ಮೇಲೆ, ಅದಕ್ಕೇ ಜನ ನಿಶೆ ಇಳಿದಿಲ್ಲ ಅಂದುಕೊಂಡು ಮಲಗಿಬಿಡ್ತಾರೆ. ಮಾರನೇ ದಿನ ಕಣ್ಣು ಮಂಜಾದರೆ, ಹೊಟ್ಟೆ ಹಿಂಡಿದರೆ ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೀಬೇಡಿ. ಸೀದಾ ಆಸ್ಪತ್ರೆಗೆ ಓಡಿ, ಏನು ಕುಡಿದದ್ದು ಅಂತ ಮುಚ್ಚಿಡದೆ ಹೇಳಿ. ಅದಕ್ಕೆ ಔಷಧಿ ಇದೆ, ಡಯಾಲಿಸಿಸ್ ಇದೆ.

ಕಳ್ಳಭಟ್ಟಿಯೋನು ಯಾಕೆ ಬರೆಯಲ್ಲ? ಬರೆದದ್ದು ಸಾಕ್ಷಿ ಆಗುತ್ತೆ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಟ್ಟಿ ಇಳಿಸೋದೇ ಅಪರಾಧ, ಹಂಗಾಗಿ ಕ್ಯಾನು ಯಾವತ್ತೂ ಮೂಕ. ಆದರೆ ಅವನೇ ಸಾಲದ ಲೆಕ್ಕ ಮಾತ್ರ ಬಾಗಿಲ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಇಡ್ತಿದ್ದ. ಅದೂ ಅಳಿಸಿ ಬರೆಯೋ ಹಲಗೆನೇ. ಒಂದು ಗೆರೆ ಜಾಸ್ತಿ ಎಳೆದರೆ ಕೇಳೋರು ಯಾರು, ಒರೆಸೋ ಬಟ್ಟೆ ಅವನ ಕೈಲಿ. ಈಗ ಹಾಸನ ಜಿಲ್ಲೆಯಲ್ಲೂ ಚಿಲ್ಲರೆ ಅಂಗಡಿಗಳಲ್ಲಿ ಕದ್ದು ಮಾರೋದು 90 ಮಿಲಿಲೀಟರ್ ಪ್ಯಾಕೆಟ್ಟು. ಅದರ ಮೇಲೆ ಬ್ಯಾಚ್ ನಂಬರೂ ತಾರೀಕೂ ಇರುತ್ತೆ. ಕುಡೀರಿ ಅಂತ ನಾನು ಹೇಳ್ತಿಲ್ಲ, ಮುಚ್ಚಿಸಿ ಅಂತಾನೇ ಹೇಳೋದು. ಆದ್ರೂ ಆ ಚೀಟಿ ನೋಡಿದಾಗ ಅನ್ಸುತ್ತೆ, ಒಳಗೇನಿದೆ ಅಂತ ಬರೆಸ್ಕೊಳ್ಳೋಕೆ ನಮ್ಮ ಜನ ಎಷ್ಟು ಹೆಣ ಹೊರಬೇಕಾಯ್ತು ಅಂತ.

ಹೆಂಡ ಬಿಡಿ, ಹೊಲಕ್ಕೆ ಬನ್ನಿ. ಹಾಸನದ ಆಲೂಗೆಡ್ಡೆ, ರಾಮನಾಥಪುರದ ಹರಾಜು ಕಟ್ಟೆಗೆ ಹೋಗೋ ಅರಕಲಗೂಡಿನ ಹೊಗೆಸೊಪ್ಪು, ಎರಡಕ್ಕೂ ಔಷಧಿ ಹೊಡೆಯೋರು ನಾವು. ಖಾಲಿ ಡಬ್ಬ ಗಟ್ಟಿಯಾಗಿದೆ ಅಂತ ಮನೆಗೆ ತರೋರೂ ನಾವೇ. ಅದರಲ್ಲಿ ಸೀಮೆಎಣ್ಣೆ, ಆಮೇಲೆ ಎಣ್ಣೆ, ಆಮೇಲೆ ನೀರು. ಡಬ್ಬದ ಮೇಲಿನ ಕೆಂಪು ತ್ರಿಕೋನ ಅತಿ ವಿಷ ಅನ್ನೋದಕ್ಕೆ ಗುರುತು. ಹಳದಿ, ನೀಲಿ, ಹಸಿರು ಅದಕ್ಕಿಂತ ಕಡಿಮೆ ವಿಷ ಅಷ್ಟೇ, ಹಸಿರು ಅಂದ್ರೆ ಅಮೃತ ಅಲ್ಲ. ಆ ಡಬ್ಬಕ್ಕೆ ಯಾವ ಕಪ್ಪು ಚೌಕವೂ ಬೇಡ. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿದು, ಡಬ್ಬಕ್ಕೆ ತೂತು ಹೊಡೀರಿ. ತೊಳೆದರೂ ಅದು ಕುಡಿಯೋ ಪಾತ್ರೆ ಆಗಲ್ಲ.

ಉಳಿದ ಕ್ಯಾನು, ಡ್ರಮ್ಮುಗಳಿಗೆ ಶಾಲೆ ಹಲಗೆಗೆ ಬಳಿಯೋ ಕಪ್ಪು ಬಣ್ಣ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ. ಹೊರಮೈಗೆ ಮಾತ್ರ ಬಳಿಯಿರಿ, ಬಾಯಿಯಿಂದ ದೂರ. ಪ್ಲಾಸ್ಟಿಕ್ ಆದರೆ ಮೊದಲು ಮರಳು ಕಾಗದದಿಂದ ಉಜ್ಜಿ, ಇಲ್ಲಾಂದ್ರೆ ಚಕ್ಕೆ ಏಳುತ್ತೆ. ಏನು, ಯಾವತ್ತಿಂದು, ಎರಡೇ ಮಾತು ಬರೀರಿ. ಓದು ಬಾರದ ಅಜ್ಜಿಗೆ ನೀರಿಗೆ ಕೊಡ, ಸೀಮೆಎಣ್ಣೆಗೆ ದೀಪ ಅಂತ ಚಿತ್ರ ಬರೆದರಾಯ್ತು, ಮಕ್ಕಳು ಖುಷಿಯಿಂದ ಬರೀತಾರೆ. ಚೌಕ ಖಾಲಿ ಇದ್ದರೆ ತೊಳೆದದ್ದು ಅಂತ ಅರ್ಥ. ಖಾಲಿ ಚೌಕದ ಕ್ಯಾನಿನೊಳಗೆ ಏನಾದರೂ ಇದ್ದರೆ ಮೂಸಿ ನೋಡೋಕೂ ಹೋಗಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ, ಯಾರು ತಂದದ್ದು ಅಂತ ವಿಚಾರಿಸಿ.

ಅರಕಲಗೂಡಿನ ಎರಡು ಕೇರಿಗಳಲ್ಲಿ ನಮ್ಮ ಹುಡುಗರು ಶುರು ಮಾಡಿದ್ದಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯವರು ಯಾರಾದ್ರೂ ಮಾಡೋದಾದ್ರೆ ಕೆಳಗೆ ಬರೀರಿ. ಬಣ್ಣದ ಡಬ್ಬ ಅರ್ಧ ಇನ್ನೂ ನಮ್ಮ ಹತ್ರ ಉಳಿದಿದೆ.