ಅಪ್ಪನ ಅಂಗಡಿ, ಕಂತು 6: ಮಷೀನ್ ಗಿಡ್ಡ ಮಾಡಿದ ಕಥೆ

ಭಾಗ 1

ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಮಷೀನಿನ ಪ್ಲೇಟಿನ ತುದಿ ಒಂಥರಾ ಹಲ್ಲಲ್ಲಿ ಕಚ್ಚಿದ ಹಾಗೆ ಇದೆಯಲ್ಲ, ಅಲ್ಲಿಂದ ಆಚೆ ಇನ್ನೂ ಹತ್ತು ಇಂಚು ಇತ್ತು. ಆ ಕಡೆ ಹತ್ತು, ಈ ಕಡೆ ಹತ್ತು. ಗ್ರೈಂಡರ್ ಹಿಡಿದದ್ದು ಅಪ್ಪ. ಲೆಕ್ಕ ಹಾಕಿ ಕೊಟ್ಟವಳು ನಾನು. ಇಷ್ಟು ದಿನ ಈ ಕಂತು ಬರೆಯದೇ ಇದ್ದದ್ದಕ್ಕೆ ಕಾರಣ ಅದೇ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬಿಲ್ಲಲ್ಲಿ ಮಲ್ಟಿಪರ್ಪಸ್ ಅಂತ ಇದೆ, ನಾವು ರಂದಾ ಮಷೀನ್ ಅಂತೀವಿ. ನಡುವೆ ಅಡ್ಡಕ್ಕೆ ಒಂದು ಶಾಫ್ಟು, ಅದರಲ್ಲಿ ಬ್ಲೇಡು. ಶಾಫ್ಟಿನ ಒಂದು ತುದಿಗೆ ಗರಗಸದ ಚಕ್ರ, ಇನ್ನೊಂದು ತುದಿಗೆ ಡ್ರಿಲ್. ಮೂರಕ್ಕೂ ಒಂದೇ ಮೋಟಾರು. ಬ್ಲೇಡಿಗೆ ಮುಂದೊಂದು ಪ್ಲೇಟು, ಹಿಂದೊಂದು ಪ್ಲೇಟು. ಮುಂದಿನದನ್ನು ಎಷ್ಟು ಇಳಿಸ್ತೀವೋ ಅಷ್ಟು ಮರ ಕೆತ್ತುತ್ತೆ. ಹಿಂದಿನದು ಮಾತ್ರ ಬ್ಲೇಡಿನ ತುದಿಯ ಮಟ್ಟಕ್ಕೆ ಸರಿಯಾಗಿ ಇರಬೇಕು, ಕೂದಲಷ್ಟೂ ಆಚೀಚೆ ಆಗಬಾರದು. ಎರಡೂ ಸೇರಿ ಆರು ಅಡಿ ಇತ್ತು.

ಹೋದ ದೀಪಾವಳಿ ಮುಗಿದ ಮೇಲೆ ಬಿಲ್ಡಿಂಗ್ ಓನರ್ ನಮ್ಮ ಅಂಗಡಿ ನಡುವೆ ಗೋಡೆ ಎಬ್ಬಿಸಿದ್ರು. ಹಿಂದಿನ ಭಾಗ ಯಾರದೋ ಗೋಡೌನ್ ಆಯ್ತು. 21 ಅಡಿ ಉದ್ದ ಇದ್ದದ್ದು 13 ಅಡಿ ಆಯ್ತು. ಬಾಡಿಗೆ ಎಷ್ಟು ಇಳೀತು ಅಂತ ಕೇಳಬೇಡಿ, ನಗು ಬರುತ್ತೆ.

ಆಗ ನಮಗೆ ಕಾಲೇಜಲ್ಲಿ ಕಾಸ್ಟ್ ಅಕೌಂಟಿಂಗ್ ನಡೀತಿತ್ತು. ನಾನು ನೋಟ್‌ಬುಕ್ ತಗೊಂಡು ಕೂತು, ಒಂದು ಚದರ ಅಡಿಗೆ ತಿಂಗಳಿಗೆ ಎಷ್ಟು ಬಾಡಿಗೆ ಬೀಳುತ್ತೆ, ಮಷೀನ್ ಎಷ್ಟು ಅಡಿ ತಿನ್ನುತ್ತೆ ಅಂತ ಕೋಷ್ಟಕ ಮಾಡಿದೆ. ಇಪ್ಪತ್ತು ಇಂಚು ತೆಗೆದ್ರೆ ವರ್ಷಕ್ಕೆ ಎಷ್ಟು ಉಳಿತಾಯ ಅಂತ ಕೆಂಪು ಪೆನ್ನಲ್ಲಿ ಗೆರೆ ಎಳೆದು ತೋರಿಸಿದೆ. ಅಪ್ಪ ಓದಿದ್ದು ಏಳನೇ ಕ್ಲಾಸು. ನೋಟ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದ.

"ಖರೇನ ಜಾಗ ಉಳೀತೈತೇನವ್ವಾ?"

"ಲೆಕ್ಕದಾಗ ಐತಿ ನೋಡಪ್ಪಾ" ಅಂದೆ.

ಭಾಗ 2

ಪ್ಲೇಟು ಬೀಡು ಕಬ್ಬಿಣದ್ದು. ಬಗ್ಗಲ್ಲ, ತಪ್ಪಿದ್ರೆ ಒಡೆಯುತ್ತೆ. ಕೆಳಗಡೆ ಪಕ್ಕೆಲುಬಿನ ಥರ ಏಣುಗಳಿರ್ತಾವೆ. ಅಪ್ಪ ಒಂದು ಏಣು ಉಳಿಯೋ ಹಾಗೆ ಗೆರೆ ಹಾಕಿ ಕತ್ತರಿಸಿದ. ಬೀಡಿನಲ್ಲಿ ಪೆನ್ಸಿಲ್ ಕಡ್ಡಿಯ ಗ್ರಾಫೈಟೇ ಇರುತ್ತಂತೆ. ಸಂಜೆ ಅಪ್ಪನ ಮುಖ, ಮೀಸೆ, ಗೋಡೆ ಮೇಲಿನ ಕ್ಯಾಲೆಂಡರ್ ಎಲ್ಲಾ ಒಂದೇ ಬಣ್ಣ. ನಾನು ರೀಲ್ಸ್ ಮಾಡಿದ್ದೆ, ನಿಮ್ಮಲ್ಲಿ ತುಂಬಾ ಜನ ಲೈಕ್ ಕೊಟ್ಟಿದ್ರಿ. ಆಮೇಲೆ ಅದನ್ನ ತೆಗೆದೆ.

ಗಿಡ್ಡ ಆಯ್ತಲ್ಲ ಅಂತ ಮಷೀನನ್ನು ಹೊಸ ಗೋಡೆಗೆ ಒತ್ತಿ ನಿಲ್ಲಿಸಿದ್ವಿ. ಮುಂದೆ ಜಾಗ ಕಾಣಿಸ್ತು. ನನಗೆ ಸಖತ್ ಖುಷಿ.

ಎರಡು ತಿಂಗಳಿಗೆ ಸಿರುಗುಪ್ಪದ ಒಂದು ಮನೆಗೆ ಸಾಗವಾನಿ ಬಾಗಿಲು ಕೊಟ್ವಿ. ಜೋಡಿ ಕದ, ಏಳು ಅಡಿ ಎತ್ತರ. ಭತ್ತದ ದುಡ್ಡು ಬಂದ ಮೇಲೆ ಕಟ್ಟಿಸಿದ ಮನೆ, ಗೃಹಪ್ರವೇಶಕ್ಕೆ ನಾಲ್ಕು ದಿನ ಬಾಕಿ. ಕದ ಕೂರಿಸಿ ಮುಚ್ಚಿದ್ರೆ ಮೇಲೆ ಕೂಡ್ತು, ಕೆಳಗೆ ಕೂಡ್ತು, ನಡುವೆ ಮಾತ್ರ ಬೆಳಕು. ಆ ಮನೆಯ ಅಜ್ಜಿ ಏನೂ ಮಾತಾಡದೆ ಸೆರಗಿನ ಗಂಟಿನಿಂದ ಒಂದು ರೂಪಾಯಿ ತೆಗೆದು ಆ ಸಂದಿಗೆ ಹಾಕಿದ್ರು. ನಾಣ್ಯ ಆಚೆ ಕಡೆ ಬಿತ್ತು.

ಬಳ್ಳಾರಿಗೆ ಐವತ್ತು ಕಿಲೋಮೀಟರ್ ಮೇಲೆ. ಗೂಡ್ಸ್ ಆಟೋದಲ್ಲಿ ಕದಗಳ ಜೊತೆ ಅಪ್ಪ ಹಿಂದೆ ಕೂತಿದ್ದ, ನಾನು ಡ್ರೈವರ್ ಪಕ್ಕ. ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಅಪ್ಪ ಇಳಿಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಹೊಸ ಪಟ್ಟಿ, ಆಟೋ ಎಲ್ಲಾ ಸೇರಿ 6,800 ರೂಪಾಯಿ ಹೋಯ್ತು. ನನ್ನ ಕೋಷ್ಟಕದಲ್ಲಿ ಕೆಂಪು ಗೆರೆ ಎಳೆದಿದ್ದ ಉಳಿತಾಯಕ್ಕಿಂತ ಜಾಸ್ತಿ.

ಭಾಗ 3

ಅವತ್ತು ರಾತ್ರಿ ಕುರುಗೋಡಿಗೆ ಅಜ್ಜನ ಹತ್ರ ಹೋದ್ವಿ. ಅಜ್ಜ ಬಂಡಿ, ಕುಂಟೆ, ಕೂರಿಗೆ ಮಾಡ್ತಿದ್ದವನು. ಅವನ ಅಂಗಡಿ ಅಂದ್ರೆ ಬೇವಿನ ಗಿಡದ ನೆರಳು, ಗೋಡೆಯೇ ಇಲ್ಲ. ನಾನು ಮೊಬೈಲಲ್ಲಿ ಮಷೀನಿನ ಫೋಟೋ ತೋರಿಸಿದೆ. ನೋಡಿದ, ಕನ್ನಡಕ ತೆಗೆದ.

"ಮಷೀನ್ ಅಳದೀಯಲ್ಲವ್ವಾ, ಹಲಗಿ ಅಳದಿಲ್ಲಲ್ಲ."

ಆಮೇಲೆ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದ. ಏಳು ಅಡಿ ಹಲಗೆ ಬ್ಲೇಡಿಗೆ ತಾಗೋ ಮುಂಚೆ ಈ ಕಡೆ ಪೂರ್ತಿ ಏಳು ಅಡಿ ಬೇಕು. ಬ್ಲೇಡ್ ದಾಟಿದ ಮೇಲೆ ಆ ಕಡೆ ಏಳು ಅಡಿ ಬೇಕು. ಒಟ್ಟು ಹದಿನಾಲ್ಕು. ಮಷೀನ್ ಆರು ಅಡಿ ಇರ್ಲಿ, ನಾಲ್ಕು ಇರ್ಲಿ, ಒಂದು ಅಂಗೈ ಅಗಲ ಇರ್ಲಿ, ಹಲಗೆ ಕೇಳೋದು ಹದಿನಾಲ್ಕೇ. ನಮ್ಮ ಅಂಗಡಿ ಹದಿಮೂರು.

ನನಗೆ ಅಲ್ಲೇ ಮಣ್ಣಲ್ಲಿ ಹೂತುಕೊಳ್ಳೋಣ ಅನಿಸ್ತು. ಎರಡು ಪುಟದ ಕೋಷ್ಟಕದಲ್ಲಿ ಮರ ಅನ್ನೋ ಕಾಲಮ್ಮೇ ಇರಲಿಲ್ಲ.

ಗೋಡೆಗೆ ಒತ್ತಿ ಇಟ್ಟಿದ್ರಿಂದ ಉದ್ದದ ಪಟ್ಟಿ ಪೂರ್ತಿ ದಾಟ್ತಿರಲಿಲ್ಲ. ಅಪ್ಪ ಅರ್ಧ ಬಿಟ್ಟು, ತಿರುಗಿಸಿ, ಇನ್ನರ್ಧ ಬಿಡ್ತಿದ್ದ. ಎರಡೂ ಅರ್ಧ ಸೇರೋ ನಡುವಿನಲ್ಲೇ ಆ ಸಂದಿ. ಅದರ ಮೇಲೆ ಪ್ಲೇಟು ಬೇರೆ ಗಿಡ್ಡ. ಉದ್ದ ಪ್ಲೇಟಿನ ಮೇಲೆ ಡೊಂಕು ಹಲಗೆ ಇಟ್ರೆ ಎರಡು ತುದಿ ಮಾತ್ರ ತಾಗುತ್ತೆ, ಬ್ಲೇಡು ಆ ತುದಿಗಳನ್ನೇ ಮೊದಲು ತಿಂದು ನೇರ ಮಾಡುತ್ತೆ. ಗಿಡ್ಡ ಪ್ಲೇಟಲ್ಲಿ ಹಲಗೆ ತನ್ನ ಡೊಂಕಿನ ಜೊತೆಗೇ ಏರಿಳಿದು ಹೋಗುತ್ತೆ. ಮೈ ನುಣ್ಣಗೆ, ಡೊಂಕು ಹಾಗೇ.

"ನಿನಗ ಗೊತ್ತಿತ್ತಲ್ಲಪ್ಪಾ, ಯಾಕ ಹೇಳಲಿಲ್ಲ?" ಅಂತ ಬಸ್ಸಲ್ಲಿ ಕೇಳಿದೆ. ಕಿಟಕಿ ಕಡೆ ನೋಡ್ತಾ ಅಂದ, "ನೀ ಓದಿದಾಕಿ, ನನಗ ತಿಳೀಲಾರದ್ದು ಏನರ ಇರಬೇಕು ಅನ್ಕೊಂಡೆ."

ಇದಕ್ಕೆ ನಾನು ಏನೂ ಬರೆಯಲ್ಲ.

ಭಾಗ 4

ಕ್ಲಾಸ್‌ಮೇಟ್ಸ್ ಕೆಲವರು ಹೊಸ ಮಷೀನೇ ತಗೊಳ್ರಿ ಅಂದ್ರು. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಇದ್ದಾರೆ: ಟೂಲ್‌ಕಿಟ್‌ಗೆ 15,000, ಮೊದಲ ಸಾಲ 1 ಲಕ್ಷದವರೆಗೆ, 5% ಬಡ್ಡಿ, 18 ತಿಂಗಳಲ್ಲಿ ತೀರಿಸಬೇಕು. ನಿಮ್ಮ ಮನೆಯಲ್ಲಿ ಯಾರಾದ್ರೂ ಈ ಕೆಲಸದವರಿದ್ರೆ ತಿಳ್ಕೊಳ್ಳಿ, ಒಳ್ಳೇದೇ. ಆದ್ರೆ ಸಾಲ ತಂದ್ರೂ ಅಂಗಡಿ ಹದಿಮೂರೇ ಅಡಿ.

ಕತ್ತರಿಸಿದ ತುಂಡು ವೆಲ್ಡಿಂಗ್ ಮಾಡಿಸೋಣ ಅಂತ ಕೇಳಿದ್ವಿ. ಬೀಡು ಬಿಸಿಗೆ ಬಿರುಕು ಬಿಡುತ್ತೆ, ಸೊಟ್ಟ ಆಗುತ್ತೆ, ಕೈ ಹಾಕಲ್ಲ ಅಂದ್ರು. ಅದಕ್ಕೆ ಅಪ್ಪ ಎರಡೂ ತುದಿಗೆ ಬೋಲ್ಟ್ ಹಾಕಿ ಸಿಕ್ಕಿಸೋ ಹಾಗೆ ಸಾಗವಾನಿಯ ಪ್ಲೇಟು ಮಾಡಿದ. ಬೇಕಾದಾಗ ಹಾಕೋದು, ಮಟ್ಟ ನೋಡೋದು, ಆಮೇಲೆ ತೆಗೆಯೋದು. ಕಬ್ಬಿಣದಷ್ಟು ನಂಬಿಕೆ ಇಲ್ಲ, ಹಾಗಾಗಿ ಉದ್ದ ಪಟ್ಟಿಗೆ ಕೊನೆಗೆ ಅಜ್ಜನ ಎರಡು ಅಡಿ ಕೈ ರಂದಾನೇ. ಪಕ್ಕದಲ್ಲಿ ಚಾಚಿಕೊಂಡಿದ್ದ ಡ್ರಿಲ್ ಟೇಬಲ್ ಬಿಚ್ಚಿಟ್ವಿ. ವಾರಕ್ಕೆ ಎರಡು ಸಲ ಬೇಕಾಗೋದು, ಎರಡೇ ಬೋಲ್ಟು, ಎರಡು ಅಡಿ ಜಾಗ! ಏನೂ ಕತ್ತರಿಸದೆ ಸಿಗ್ತಿದ್ದ ಜಾಗ ಅದು.

ಮಷೀನಿಗೆ ಈಗ ಚಕ್ರ ಇದೆ. ಉದ್ದ ಕೆಲಸ ಇದ್ದ ದಿನ ನಡುವಿಗೆ ಎಳೆದು, ಶಟರ್ ಕಡೆ ಮುಖ ಮಾಡಿ, ಚಕ್ರ ನೆಲ ಬಿಡೋ ಹಾಗೆ ಜಾಕ್ ಬೋಲ್ಟ್ ಮೇಲೆ ನಿಲ್ಲಿಸ್ತೀವಿ. ಹಲಗೆ ಒಂದೂವರೆ ಅಡಿ ರಸ್ತೆಗೆ ಬರುತ್ತೆ. ಅದಕ್ಕೇ ಶನಿವಾರ ಮಧ್ಯಾಹ್ನ ನಾನು ಶಟರ್ ಹೊರಗೆ ಕೈ ಅಡ್ಡ ಹಿಡಿದು ನಿಂತಿರೋದು, ಎರಡನೇ ಫೋಟೋ. ಮೊನ್ನೆ ಇಬ್ಬರು ಜೂನಿಯರ್ಸ್ ಸ್ಕೂಟಿಯಲ್ಲಿ ಹೋಗ್ತಾ ಹಾರ್ನ್ ಹೊಡೆದು ನಕ್ಕರು. ಒಳಗಿಂದ ಅಪ್ಪ ಕೂಗಿದ, "ಯಾರರ ಬರಾಕತ್ಯಾರೇನು ನೋಡವ್ವಾ?"

"ಇಲ್ಲಪ್ಪಾ, ಬಿಡು" ಅಂದೆ. ಹಲಗೆ ಬಂತು.